ನೂರು ಆಯಾಮದ ಎಂಟ್ಯಾಂಗಲ್‌ಮೆಂಟ್ ಇದೆ ಅಂತ ಗೊತ್ತಾಗುವುದು ಹೇಗೆ?

2014ರಲ್ಲಿ ಆಸ್ಟ್ರಿಯಾದ ವಿಯೆನ್ನಾದಿಂದ ಒಂದು ಸಂಶೋಧನಾ ಲೇಖನ ಬಂತು. ಬರೆದವರು ಮಾರಿಯೋ ಕ್ರೆನ್, ಆಂಟನ್ ಝೈಲಿಂಗರ್ ಮತ್ತು ಅವರ ಜೊತೆಗಾರರು. ಎರಡು ಫೋಟಾನ್‌ಗಳ ನಡುವೆ ಕನಿಷ್ಠ ನೂರು ಆಯಾಮಗಳ ಎಂಟ್ಯಾಂಗಲ್‌ಮೆಂಟ್ ಇದೆ ಎಂದು ಅದರಲ್ಲಿ ಹೇಳಿದ್ದರು. ಎಂಟ್ಯಾಂಗಲ್‌ಮೆಂಟ್ ಅಂದರೆ ಎರಡು ಕಣಗಳು ಹೆಣೆದುಕೊಂಡು ಒಟ್ಟಾಗಿ ಒಂದೇ ಸ್ಥಿತಿಯಲ್ಲಿರುವುದು. ಆಯಾಮ ಅಂದರೆ ಒಂದು ಅಳತೆಗೆ ಎಷ್ಟು ಬೇರೆ ಬೇರೆ ಉತ್ತರ ಬರಬಹುದು ಎನ್ನುವ ಎಣಿಕೆ. ಫೋಟಾನ್ ಅಂದರೆ ಬೆಳಕಿನ ಒಂದು ಕಣ. ಡಿಟೆಕ್ಟರ್ ಅದನ್ನು ಒಂದು ಸಲ ಹಿಡಿದರೆ ಅದರ ಕಥೆ ಮುಗಿಯಿತು. ಇನ್ನೊಮ್ಮೆ ಅಳೆಯೋಣ ಅಂದರೆ ಅದು ಉಳಿದೇ ಇರುವುದಿಲ್ಲ. ಹೀಗಿರುವಾಗ ಆಯಾಮ ನೂರು, ತೊಂಬತ್ತಲ್ಲ ಎಂದು ಎಣಿಸಿದ್ದು ಹೇಗೆ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಎಂಟ್ಯಾಂಗಲ್‌ಮೆಂಟ್ ಎಷ್ಟು ವಿಚಿತ್ರ ಅಂತ ಹೇಳುವ ಬರಹಗಳು ಬೇಕಾದಷ್ಟು ಇವೆ. ಅದು ನಿಜವಾಗಿಯೂ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ ಅಂತ ಪರೀಕ್ಷಿಸುವುದು ಹೇಗೆ ಎಂದು ಹೇಳುವವರು ಕಡಿಮೆ. ಆದರೆ ಈ ವಿಷಯದ ಸೊಗಸು ಇರುವುದೇ ಆ ಪರೀಕ್ಷೆಯಲ್ಲಿ. ಅದನ್ನು ಅರ್ಥ ಮಾಡಿಕೊಳ್ಳಲು ಕೂಡಿಸುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಮೊದಲು ಹಿನ್ನೆಲೆ, ಚುಟುಕಾಗಿ. 1935ರಲ್ಲಿ ಐನ್‌ಸ್ಟೈನ್, ಪೊಡೋಲ್‌ಸ್ಕಿ, ರೋಸೆನ್ ಮೂವರು ಕ್ವಾಂಟಮ್ ಸಿದ್ಧಾಂತದಲ್ಲಿ ಏನೋ ಕೊರತೆ ಇದೆ ಎಂದು ವಾದಿಸಿದರು. ಅದೇ ವರ್ಷ ಶ್ರೋಡಿಂಗರ್ ಈ ವಿದ್ಯಮಾನಕ್ಕೆ ಹೆಸರಿಟ್ಟರು. 1964ರಲ್ಲಿ ಜಾನ್ ಬೆಲ್ ಇದನ್ನು ಪ್ರಯೋಗದಿಂದಲೇ ತೀರ್ಮಾನಿಸಬಹುದು ಎಂದು ತೋರಿಸಿದರು. ಆ ಪ್ರಯೋಗಗಳನ್ನು ಮಾಡಿದ ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ಹೆಣೆದುಕೊಂಡ ಎರಡು ಕಣಗಳಿಗೆ ಒಟ್ಟಾಗಿ ಒಂದು ಸ್ಥಿತಿ ಇರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ತನ್ನದೇ ಆದ ಖಚಿತ ಸ್ಥಿತಿ ಇರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಸಂದೇಶ ಹೋಗುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನೂ ಹೋಗುವುದಿಲ್ಲ. ಎರಡು ಕಡೆಯ ಉತ್ತರಗಳನ್ನು ಆಮೇಲೆ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಹೊಂದಾಣಿಕೆ ಕಾಣುತ್ತದೆ.

ಹಳೆಯ ಪ್ರಯೋಗಗಳಲ್ಲೆಲ್ಲ ಫೋಟಾನ್‌ಗೆ ಕೇಳಿದ್ದು ಎರಡೇ ಉತ್ತರ ಇರುವ ಪ್ರಶ್ನೆ. ಪೋಲರೈಸೇಷನ್, ಅಂದರೆ ಅಲೆ ಕಂಪಿಸುವ ದಿಕ್ಕು, ಅಡ್ಡವೋ ಉದ್ದವೋ? ಅದು ಎರಡು ಆಯಾಮ. ಆದರೆ ಫೋಟಾನ್ ಇದಕ್ಕಿಂತ ಜಾಸ್ತಿ ಹೊರಬಲ್ಲದು. 1992ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಲೆಸ್ ಅಲೆನ್ ಮತ್ತು ಜೊತೆಗಾರರು ತಿರುಚಿದ ಬೆಳಕಿನ ಬಗ್ಗೆ ಬರೆದರು. ಈ ಬೆಳಕಿನ ಅಲೆಯ ಮುಖ ಚಪ್ಪಟೆಯಾಗಿರುವುದಿಲ್ಲ, ಸ್ಕ್ರೂ ಹಾಗೆ ಸುತ್ತಿಕೊಂಡು ಮುಂದೆ ಸಾಗುತ್ತದೆ. ಎಷ್ಟು ಸುತ್ತು, ಎಡಕ್ಕೋ ಬಲಕ್ಕೋ ಎನ್ನುವುದು ಪೂರ್ಣ ಸಂಖ್ಯೆ. ಸೊನ್ನೆ, ಒಂದು, ಎರಡು, ಮೈನಸ್ ಒಂದು, ಮೈನಸ್ ಎರಡು, ಹೀಗೆ ಸಿದ್ಧಾಂತದಲ್ಲಿ ಇದಕ್ಕೆ ಕೊನೆಯೇ ಇಲ್ಲ. 2001ರಲ್ಲಿ ಝೈಲಿಂಗರ್ ತಂಡ ಈ ಸುತ್ತುಗಳಲ್ಲೂ ಫೋಟಾನ್ ಜೋಡಿ ಹೆಣೆದುಕೊಳ್ಳುತ್ತದೆ ಎಂದು ತೋರಿಸಿತು. ಸುತ್ತು ಒಂದೇ ದಾರಿಯಲ್ಲ. ಫೋಟಾನ್ ಯಾವ ಹೊತ್ತಿಗೆ ಬಂತು, ಯಾವ ಜಾಗದಲ್ಲಿ ಬಂತು, ಯಾವ ಬಣ್ಣದ್ದು, ಚಿಪ್‌ನ ಯಾವ ದಾರಿಯಲ್ಲಿ ಸಾಗಿತು ಎಂಬುದನ್ನೂ ಆಯಾಮವಾಗಿ ಬಳಸಬಹುದು. 2018ರಲ್ಲಿ ಬ್ರಿಸ್ಟಲ್‌ನ ತಂಡವೊಂದು ಸಿಲಿಕಾನ್ ಚಿಪ್ ಮೇಲೆ 15 ಆಯಾಮಗಳ ತನಕ ಹೋಯಿತು.

ಯಾಕೆ ಇಷ್ಟೊಂದು ಆಯಾಮ ಬೇಕು? ಎರಡು ಆಯಾಮದ ಫೋಟಾನ್ ಒಂದು ಬಿಟ್ ಹೊರುತ್ತದೆ, ಎಂಟು ಆಯಾಮದ್ದು ಮೂರು ಬಿಟ್. ಅದಕ್ಕಿಂತ ದೊಡ್ಡ ಲಾಭ ಗದ್ದಲವನ್ನು ತಡೆದುಕೊಳ್ಳುವ ಶಕ್ತಿ. ದಾರಿಯಲ್ಲಿ ಸೇರುವ ಬೇಡದ ಬೆಳಕು, ಡಿಟೆಕ್ಟರ್ ಸುಮ್ಮಸುಮ್ಮನೆ ಕೊಡುವ ಸಿಗ್ನಲ್, ಇವೆಲ್ಲ ಗದ್ದಲ. ಇದನ್ನು ಮುಂದೆ ಅಂಕಿಗಳಲ್ಲೇ ನೋಡೋಣ.

ಈಗ ಲ್ಯಾಬ್ ಒಳಗೆ ಹೋಗೋಣ. ಒಂದು ನೇರಳೆ ಲೇಸರ್ ಇದೆ. ಸಾಮಾನ್ಯವಾಗಿ 405 ನ್ಯಾನೋಮೀಟರ್‌ನದು. ಅದರ ಬೆಳಕನ್ನು ಒಂದು ವಿಶೇಷ ಸ್ಫಟಿಕದೊಳಗೆ ಹಾಯಿಸುತ್ತಾರೆ. ಕೋಟಿಗಟ್ಟಲೆ ಫೋಟಾನ್‌ಗಳು ಸುಮ್ಮನೆ ದಾಟಿ ಹೋಗುತ್ತವೆ. ಎಲ್ಲೋ ಒಂದು ಒಡೆದು, 810 ನ್ಯಾನೋಮೀಟರ್‌ನ ಎರಡು ಫೋಟಾನ್ ಆಗುತ್ತದೆ. ಲೇಸರ್‌ನ ಫೋಟಾನ್‌ಗೆ ಸುತ್ತು ಇರಲಿಲ್ಲ, ಆದ್ದರಿಂದ ಹುಟ್ಟಿದ ಎರಡರ ಸುತ್ತು ಕೂಡಿದರೂ ಸೊನ್ನೆಯೇ ಆಗಬೇಕು. ಒಂದರದು ಎಡಕ್ಕೆ ಮೂರಾದರೆ ಇನ್ನೊಂದರದು ಬಲಕ್ಕೆ ಮೂರು. ಎರಡನ್ನೂ ಬೇರೆ ಬೇರೆ ದಾರಿಗೆ ಕಳಿಸುತ್ತಾರೆ.

ಪ್ರತಿ ದಾರಿಯ ಕೊನೆಯಲ್ಲಿ ಒಂದು ಸ್ಪೇಷಿಯಲ್ ಲೈಟ್ ಮಾಡ್ಯುಲೇಟರ್. ನೋಡಲು ಪುಟ್ಟ ಎಲ್‌ಸಿಡಿ ಪರದೆ. ಕಂಪ್ಯೂಟರಿನಿಂದ ಅದರ ಮೇಲೆ ಒಂದು ಹೊಲೊಗ್ರಾಂ ಚಿತ್ರ ಮೂಡಿಸುತ್ತಾರೆ. ಚಿತ್ರ ಬದಲಾದರೆ ಕೇಳುವ ಪ್ರಶ್ನೆ ಬದಲಾಗುತ್ತದೆ. 'ನಿನ್ನ ಸುತ್ತು ಮೂರಾ?' ಎಂದು ಕೇಳಬೇಕಾದರೆ ಮೂರು ಸುತ್ತನ್ನು ಬಿಚ್ಚುವ ಚಿತ್ರ ಹಾಕುತ್ತಾರೆ. ಸುತ್ತು ಮೂರಾಗಿದ್ದರೆ ಬೆಳಕು ನೇರವಾಗಿ, ಅದರ ಹಿಂದಿರುವ ಕೂದಲೆಳೆಯಂಥ ಫೈಬರ್‌ನೊಳಗೆ ಹೋಗುತ್ತದೆ. ಬೇರೆ ಆಗಿದ್ದರೆ ಒಳಗೆ ಹೋಗುವುದಿಲ್ಲ. ಫೈಬರ್‌ನ ತುದಿಯಲ್ಲಿ ಒಂದೊಂದೇ ಫೋಟಾನ್ ಹಿಡಿಯುವ ಡಿಟೆಕ್ಟರ್. ಎರಡೂ ಕಡೆಯ ಡಿಟೆಕ್ಟರ್‌ಗಳು ಕೆಲವೇ ನ್ಯಾನೋಸೆಕೆಂಡ್ ಒಳಗೆ ಒಟ್ಟಿಗೆ ಟಿಕ್ ಅಂದರೆ ಅದು ಒಂದು ಜೋಡಿ ಎಂದು ಲೆಕ್ಕಕ್ಕೆ ಸೇರುತ್ತದೆ.

ಹೀಗೆ ಒಂದೊಂದೇ ಚಿತ್ರ ಬದಲಿಸುತ್ತ ಒಂದು ಕೋಷ್ಟಕ ತುಂಬುತ್ತಾರೆ. ಅಡ್ಡಸಾಲು ಎಡಗಡೆ ಫೋಟಾನ್‌ನ ಉತ್ತರ, ಕಂಬಸಾಲು ಬಲಗಡೆಯದು. 11 ಆಯಾಮ ಆದರೆ 121 ಚೌಕ. ಎಣಿಕೆಗಳನ್ನು ಬಣ್ಣದಲ್ಲಿ ಬರೆದರೆ ಮೂಲೆಯಿಂದ ಮೂಲೆಗೆ ಒಂದು ಪ್ರಕಾಶಮಾನ ಗೆರೆ, ಉಳಿದದ್ದೆಲ್ಲ ಕತ್ತಲು. ಈ ಗೆರೆಯನ್ನು ನೋಡಿದ ಕೂಡಲೇ '11 ಆಯಾಮದ ಎಂಟ್ಯಾಂಗಲ್‌ಮೆಂಟ್ ಸಿಕ್ಕಿತು' ಎಂದು ಹೇಳಬೇಕು ಅನ್ನಿಸುತ್ತದೆ. ಆದರೆ ಆ ಗೆರೆಯಿಂದ ಏನೂ ಸಾಬೀತಾಗಿಲ್ಲ.

ಯಾಕೆ ಅಂತ ನೋಡಿ. ಒಬ್ಬ ಬಳೆಗಾರ ಇದ್ದಾನೆ ಅಂದುಕೊಳ್ಳಿ. ಅವನ ಹತ್ತಿರ ಕೆಂಪು, ಹಸಿರು, ಹಳದಿ ಬಳೆಗಳಿವೆ. ದಿನಾ ಒಂದು ಬಣ್ಣ ಆರಿಸಿ, ಆ ಬಣ್ಣದ ಎರಡು ಬಳೆಗಳನ್ನು ಎರಡು ಡಬ್ಬಿಯಲ್ಲಿ ಮುಚ್ಚಿ, ಒಂದನ್ನು ಧಾರವಾಡಕ್ಕೂ ಇನ್ನೊಂದನ್ನು ಮೈಸೂರಿಗೂ ಕಳಿಸುತ್ತಾನೆ. ಎರಡೂ ಕಡೆ ಡಬ್ಬಿ ತೆಗೆದು ಬಣ್ಣ ಬರೆದುಕೊಂಡರೆ ಪ್ರತಿದಿನ ತಾಳೆ ಆಗುತ್ತದೆ. ಕೋಷ್ಟಕ ಹಾಕಿದರೆ ಅದೇ ಪ್ರಕಾಶಮಾನ ಗೆರೆ. ಇಲ್ಲಿ ಕ್ವಾಂಟಮ್ ಏನೂ ಇಲ್ಲ. ಬಣ್ಣ ಡಬ್ಬಿ ಮುಚ್ಚುವಾಗಲೇ ತೀರ್ಮಾನವಾಗಿತ್ತು. ನಮ್ಮ ಸ್ಫಟಿಕವೂ ಹಾಗೇ ಮಾಡುತ್ತಿರಬಹುದು, ಅಲ್ವಾ? ಪ್ರತಿ ಸಲ ಒಂದು ಖಚಿತ ಸುತ್ತನ್ನು ಆರಿಸಿ ಎರಡು ಕಡೆ ಕಳಿಸುತ್ತಿರಬಹುದು. ಒಂದೇ ಪ್ರಶ್ನೆ ಕೇಳುತ್ತಿದ್ದರೆ ಈ ಅನುಮಾನ ಯಾವತ್ತೂ ಹೋಗುವುದಿಲ್ಲ, ಲಕ್ಷ ಸಲ ಕೇಳಿದರೂ ಅಷ್ಟೇ.

ಆದ್ದರಿಂದ ಎರಡನೇ ಪ್ರಶ್ನೆ ಬೇಕು. ಅದು ಎಂಥದ್ದಾಗಿರಬೇಕು ಎನ್ನುವುದರಲ್ಲೇ ಇಡೀ ಗುಟ್ಟು ಇದೆ.

ಸುಲಭವಾಗಲಿ ಎಂದು ಮೂರು ಆಯಾಮ ಇಟ್ಟುಕೊಳ್ಳೋಣ. ಮೊದಲ ಪ್ರಶ್ನೆಗೆ ಮೂರು ಉತ್ತರ: ಸೊನ್ನೆ, ಒಂದು, ಎರಡು. ಎರಡನೇ ಪ್ರಶ್ನೆಗೂ ಮೂರು ಉತ್ತರ ಇರುತ್ತದೆ. ಆದರೆ ಅದರ ಪ್ರತಿ ಉತ್ತರವೂ ಸೊನ್ನೆ, ಒಂದು, ಎರಡು ಮೂರನ್ನೂ ಸಮವಾಗಿ ಬೆರೆಸಿದ ಸ್ಥಿತಿ. ವ್ಯತ್ಯಾಸ ಇರುವುದು ಅವುಗಳ ನಡುವಿನ ಫೇಸ್‌ನಲ್ಲಿ, ಅಂದರೆ ಅಲೆಗಳು ಒಂದಕ್ಕೊಂದು ಎಷ್ಟು ಮುಂದೆ ಹಿಂದೆ ಇವೆ ಎನ್ನುವುದರಲ್ಲಿ. ಮೊದಲ ಬೆರಕೆಯಲ್ಲಿ ಮೂರೂ ಅಲೆ ಒಂದೇ ಹೆಜ್ಜೆಯಲ್ಲಿವೆ. ಎರಡನೆಯದರಲ್ಲಿ ಒಂದಕ್ಕಿಂತ ಇನ್ನೊಂದು 120 ಡಿಗ್ರಿ ಹಿಂದೆ. ಮೂರನೆಯದರಲ್ಲಿ 240 ಡಿಗ್ರಿ. ಲೈಟ್ ಮಾಡ್ಯುಲೇಟರ್ ಮೇಲೆ ಇಂಥ ಬೆರಕೆಯ ಚಿತ್ರ ಹಾಕುವುದು ಕಷ್ಟವೇನಲ್ಲ.

ಈ ಎರಡು ಪ್ರಶ್ನೆಗಳ ನಡುವೆ ಒಂದು ಸಂಬಂಧ ಇದೆ. ಮೊದಲ ಪ್ರಶ್ನೆಗೆ ಖಚಿತ ಉತ್ತರ ಇರುವ ಫೋಟಾನ್‌ಗೆ ಎರಡನೇ ಪ್ರಶ್ನೆ ಕೇಳಿದರೆ ಮೂರು ಉತ್ತರಕ್ಕೂ ಸಮಪಾಲು ಸಾಧ್ಯತೆ. ಯಾವ ಕಡೆಗೂ ವಾಲುವುದಿಲ್ಲ. ತಿರುಗಿಸಿ ಕೇಳಿದರೂ ಹಾಗೇ. ಇಂಥ ಜೋಡಿ ಪ್ರಶ್ನೆಗಳಿಗೆ ಈ ಕ್ಷೇತ್ರದವರು ಮ್ಯೂಚುವಲಿ ಅನ್‌ಬಯಾಸ್ಡ್ ಬೇಸಿಸ್ ಎನ್ನುತ್ತಾರೆ, ಚಿಕ್ಕದಾಗಿ ಎಂಯುಬಿ.

ಈಗ ಬಳೆಗಾರನಂಥ ಮೂಲವನ್ನು ಪರೀಕ್ಷಿಸಿ. ಮೊದಲ ಪ್ರಶ್ನೆಯಲ್ಲಿ ನೂರಕ್ಕೆ ನೂರು ತಾಳೆ. ಅಂದರೆ ತಾಳೆಯ ಅಂಕ 1. ಎರಡನೇ ಪ್ರಶ್ನೆ ಕೇಳಿದಾಗ ಎಡ ಫೋಟಾನ್ ತನ್ನ ಪಾಡಿಗೆ ಮೂರರಲ್ಲಿ ಒಂದು ಉತ್ತರ ಕೊಡುತ್ತದೆ, ಬಲ ಫೋಟಾನ್ ತನ್ನ ಪಾಡಿಗೆ. ಎರಡೂ ತಾಳೆಯಾಗುವುದು ಬರೀ ಅದೃಷ್ಟದಿಂದ, ಮೂರರಲ್ಲಿ ಒಂದು ಸಲ. ಎರಡು ಅಂಕ ಕೂಡಿದರೆ 1 + 1/3, ಅಂದರೆ 4/3. ಬಳೆಗಾರ ಜಾಣತನ ಮಾಡಿ ಎರಡನೇ ಪ್ರಶ್ನೆಗೇ ತಯಾರಾಗಿ ಬಂದರೆ? ಆಗ ಎರಡನೆಯದರಲ್ಲಿ ಪೂರ್ತಿ ಅಂಕ ಸಿಗುತ್ತದೆ, ಮೊದಲನೆಯದು 1/3ಕ್ಕೆ ಇಳಿಯುತ್ತದೆ. ಮತ್ತೆ 4/3. ಎರಡಕ್ಕೂ ಅರ್ಧರ್ಧ ತಯಾರಾದರೂ 4/3 ದಾಟಲು ಆಗುವುದಿಲ್ಲ. ಹೆಣೆದುಕೊಳ್ಳದ ಯಾವ ಜೋಡಿಗೂ ಇದು ಗಡಿ. ಗಣಿತದಲ್ಲಿ ಇದನ್ನು ಪೂರ್ತಿ ಸಾಬೀತು ಮಾಡಬಹುದು.

ಮೂರೂ ಆಯಾಮದಲ್ಲಿ ಚೆನ್ನಾಗಿ ಹೆಣೆದುಕೊಂಡ ಜೋಡಿಯಾದರೆ? ಅಲ್ಲಿ ಸೊನ್ನೆ-ಸೊನ್ನೆ, ಒಂದು-ಒಂದು, ಎರಡು-ಎರಡು ಎಂಬ ಮೂರು ಸಾಧ್ಯತೆಗಳೂ ಒಟ್ಟಿಗೆ ಇವೆ, ಒಂದೇ ಹೆಜ್ಜೆಯಲ್ಲಿವೆ. ಎರಡನೇ ಪ್ರಶ್ನೆಯಲ್ಲೂ ಉತ್ತರಗಳು ಪೂರ್ತಿ ಹೊಂದುತ್ತವೆ. ಮೊತ್ತ 2. ಒಂದೇ ಜೋಡಿ ಎರಡು ವಿರುದ್ಧ ಪ್ರಶ್ನೆಗಳಿಗೂ ತಪ್ಪದೆ ಹೊಂದುವ ಉತ್ತರ ಕೊಡುತ್ತದೆ. ಎರಡೂ ಫೋಟಾನ್ ತಮ್ಮತಮ್ಮದೇ ಖಚಿತ ಕ್ವಾಂಟಮ್ ಸ್ಥಿತಿ ಹೊತ್ತು ಬಂದಿದ್ದರೆ ಇದು ಆಗುವ ಮಾತಲ್ಲ.

ಆದರೆ ಮೊತ್ತ 4/3 ದಾಟಿತು ಅಂದರೆ ಎಂಟ್ಯಾಂಗಲ್‌ಮೆಂಟ್ ಇದೆ ಎಂದು ಮಾತ್ರ ಗೊತ್ತಾಗುತ್ತದೆ. ಎಷ್ಟು ಆಯಾಮದ್ದು? ಹೊಸಬರು ಇಲ್ಲೇ ಎಡವುತ್ತಾರೆ. ಮೂರು ಆಯಾಮದ ಉಪಕರಣದೊಳಗೆ ಬರೀ ಎರಡು ಆಯಾಮದ ಎಂಟ್ಯಾಂಗಲ್‌ಮೆಂಟ್ ಇರಬಹುದು. ಸೊನ್ನೆ-ಸೊನ್ನೆ ಮತ್ತು ಒಂದು-ಒಂದು ಮಾತ್ರ ಹೆಣೆದುಕೊಂಡು, ಎರಡು-ಎರಡು ಅದರಲ್ಲಿ ಇಲ್ಲದೆ ಇರಬಹುದು. ಅಂಥ ಜೋಡಿಗೆ ಮೊದಲ ಪ್ರಶ್ನೆಯಲ್ಲಿ ಪೂರ್ತಿ 1 ಸಿಗುತ್ತದೆ, ಎರಡನೆಯದರಲ್ಲಿ 2/3. ಮೊತ್ತ 5/3. ಇಂಥ ಎರಡು ಆಯಾಮದ ಜೋಡಿಗಳನ್ನು ಎಷ್ಟೇ ಬೆರೆಸಿದರೂ 5/3 ದಾಟುವುದಿಲ್ಲ. ಆದ್ದರಿಂದ ಅಳತೆಯಲ್ಲಿ ಮೊತ್ತ 5/3ಕ್ಕಿಂತ ಜಾಸ್ತಿ ಬಂದರೆ ಮಾತ್ರ ಮೂರೂ ಆಯಾಮ ನಿಜವಾಗಿ ಹೆಣೆದಿವೆ ಎಂದು ಹೇಳಬಹುದು. ಹೀಗೆ ಎಣಿಸಿದ ಆಯಾಮಕ್ಕೆ ಶ್ಮಿಟ್ ನಂಬರ್ ಎಂದು ಹೆಸರು. ಬೇರೆ ಬೇರೆ ಬಗೆಯ ಜೋಡಿಗಳು ಕಲಸಿಹೋದ ಸ್ಥಿತಿಗಳಿಗೂ ಹೊಂದುವಂತೆ ಅದನ್ನು 2000ದಲ್ಲಿ ಬಾರ್ಬರಾ ಟೆರ್ಹಾಲ್ ಮತ್ತು ಪಾವೆಲ್ ಹೊರೊಡೆಕಿ ಸರಿಯಾಗಿ ನಿರೂಪಿಸಿದರು.

ಇದೇ ಸೂತ್ರ ಎಷ್ಟು ಆಯಾಮಕ್ಕಾದರೂ ನಡೆಯುತ್ತದೆ. ಎರಡು ಅಂಕ ಕೂಡಿ, ಒಂದು ಕಳೆಯಿರಿ. ಉಳಿದದ್ದು ಫಿಡೆಲಿಟಿಯ ಕೆಳಗಿನ ಮಿತಿ. ಅಂದರೆ ನಮ್ಮ ಜೋಡಿ ಪರಿಪೂರ್ಣ ಎಂಟ್ಯಾಂಗಲ್ಡ್ ಸ್ಥಿತಿಗೆ ಕನಿಷ್ಠ ಇಷ್ಟು ಹತ್ತಿರ ಇದೆ ಎನ್ನುವ ಭರವಸೆ. 11 ಆಯಾಮದ ಪ್ರಯೋಗದಲ್ಲಿ ಇದು 8/11 ದಾಟಿದರೆ, ಅಂದರೆ ಸುಮಾರು 72.7 ಶೇಕಡಾ ದಾಟಿದರೆ, 9 ಆಯಾಮ ಖಾತ್ರಿ. ಪೂರ್ತಿ 11 ಬೇಕು ಅಂದರೆ 10/11, ಅಂದರೆ 90.9 ಶೇಕಡಾ ದಾಟಬೇಕು. ಕೊನೆಯ ಒಂದೊಂದು ಆಯಾಮವೂ ಹೊಸದಾಗಿ ಬೆವರು ಕೇಳುತ್ತದೆ.

'ಸುಮ್ನೆ ಎಲ್ಲವನ್ನೂ ಅಳೆದುಬಿಡಬಹುದಲ್ಲ?' ಎಂದು ಕೇಳಬಹುದು. ಅದಕ್ಕೂ ದಾರಿ ಇದೆ, ಟೊಮೊಗ್ರಫಿ ಅನ್ನುತ್ತಾರೆ. ಸ್ಥಿತಿಯ ಪೂರ್ತಿ ವಿವರ ಸಿಗುತ್ತದೆ. ಆದರೆ ಬೆಲೆ ನೋಡಿ. ಎರಡು ಆಯಾಮದ ಎರಡು ಕಣಗಳಿಗೆ ಕಂಡುಹಿಡಿಯಬೇಕಾದ ಸಂಖ್ಯೆಗಳು 15. ಹನ್ನೊಂದು ಆಯಾಮಕ್ಕೆ 14,640. ನೂರು ಆಯಾಮಕ್ಕೆ ಹತ್ತು ಕೋಟಿಗೆ ಒಂದು ಕಡಿಮೆ. ಲೈಟ್ ಮಾಡ್ಯುಲೇಟರ್ ಒಂದು ಸಲಕ್ಕೆ ಒಂದೇ ಉತ್ತರ ಪರೀಕ್ಷಿಸುವ ಉಪಕರಣ. ಹನ್ನೊಂದು ಆಯಾಮಕ್ಕೆ ಎಲ್ಲ ಎಂಯುಬಿಗಳನ್ನೂ ಎರಡೂ ಕಡೆ ಜೋಡಿಸಿ ಟೊಮೊಗ್ರಫಿ ಮಾಡಿದರೆ 17,424 ಸಲ ಚಿತ್ರ ಬದಲಿಸಬೇಕು. ಎರಡು ಪ್ರಶ್ನೆಯ ದಾರಿಯಲ್ಲಿ ಎರಡು ಕೋಷ್ಟಕ, 242 ಚೌಕ, ಅಷ್ಟೇ. ಒಂದೊಂದು ಚೌಕಕ್ಕೂ ಕೆಲವು ಸೆಕೆಂಡ್ ಕಾಯಬೇಕು. ದಿನಗಟ್ಟಲೆ ಕಾದರೆ ಲ್ಯಾಬಿನ ಉಷ್ಣಾಂಶ ಬದಲಾಗುತ್ತದೆ, ಕನ್ನಡಿ ಕೂದಲೆಳೆಯಷ್ಟು ಜರುಗುತ್ತದೆ, ಮೊದಲು ಅಳೆದ ಸ್ಥಿತಿಯೇ ಕೊನೆಗೆ ಉಳಿದಿರುವುದಿಲ್ಲ.

2018ರಲ್ಲಿ ಜೆಸ್ಸಿಕಾ ಬವಾರೆಸ್ಕೊ, ಮೆಹುಲ್ ಮಲಿಕ್, ಮಾರ್ಕಸ್ ಹ್ಯೂಬರ್ ಮತ್ತಿತರರು ನೇಚರ್ ಫಿಸಿಕ್ಸ್ ಪತ್ರಿಕೆಯಲ್ಲಿ ಎರಡೇ ಬಗೆಯ ಅಳತೆ ಸಾಕು ಎಂದು ತೋರಿಸಿದ್ದು ಇದೇ ಕಾರಣಕ್ಕೆ ದೊಡ್ಡ ಸುದ್ದಿಯಾಯಿತು. ಅವರು ತಿರುಚಿದ ಬೆಳಕಿನ 11 ಆಯಾಮ ತೆಗೆದುಕೊಂಡರು, 9 ಆಯಾಮದ ಎಂಟ್ಯಾಂಗಲ್‌ಮೆಂಟ್ ಖಾತ್ರಿ ಮಾಡಿದರು. ಅಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ಸ್ಫಟಿಕ ಎಲ್ಲ ಸುತ್ತುಗಳನ್ನೂ ಸಮವಾಗಿ ಕೊಡುವುದಿಲ್ಲ. ಸೊನ್ನೆ ಸುತ್ತಿನ ಜೋಡಿಗಳು ಜಾಸ್ತಿ, ಸುತ್ತು ಹೆಚ್ಚಿದಂತೆ ಕಡಿಮೆ. ಸಮವಾಗಿ ಬೆರೆಸಿದ ಪ್ರಶ್ನೆ ಇಂಥ ಅಸಮ ಜೋಡಿಗೆ ಸರಿಯಾಗಿ ಹೊಂದುವುದಿಲ್ಲ. ಅದಕ್ಕೆ ಅವರು ಮೊದಲ ಕೋಷ್ಟಕದಿಂದಲೇ ಯಾವ ಸುತ್ತು ಎಷ್ಟಿದೆ ಎಂದು ಓದಿಕೊಂಡು, ಆ ಪ್ರಮಾಣಕ್ಕೆ ತಕ್ಕಂತೆ ಎರಡನೇ ಪ್ರಶ್ನೆಯನ್ನು ಓರೆ ಮಾಡಿಕೊಂಡರು. ಅಂದಾಜು ತಪ್ಪಾದರೂ ಅಪಾಯ ಇಲ್ಲ. ಖಾತ್ರಿಯಾಗುವ ಆಯಾಮ ಕಡಿಮೆ ಬರಬಹುದು, ಆದರೆ ಇಲ್ಲದ ಆಯಾಮ ಇದೆ ಎಂದು ಯಾವತ್ತೂ ತೋರಿಸುವುದಿಲ್ಲ. ಒಳ್ಳೆಯ ಪರೀಕ್ಷೆ ಹೀಗಿರಬೇಕು ಎನ್ನುವುದು ನನ್ನ ಅಭಿಪ್ರಾಯ.

2020ರಲ್ಲಿ ನತಾಲಿಯಾ ಹೆರೇರಾ ವಲೆನ್ಸಿಯಾ, ಮೆಹುಲ್ ಮಲಿಕ್ ಮತ್ತಿತರರು ಸುತ್ತು ಬಿಟ್ಟು ಪಿಕ್ಸೆಲ್ ಹಿಡಿದರು. ಫೋಟಾನ್ ಯಾವ ಪುಟ್ಟ ಜಾಗದಲ್ಲಿ ಬಂತು ಎನ್ನುವುದೇ ಮೊದಲ ಪ್ರಶ್ನೆ. 97 ಆಯಾಮದಲ್ಲಿ 55 ಖಾತ್ರಿಯಾಯಿತು. 19 ಆಯಾಮದಲ್ಲಿ ಫಿಡೆಲಿಟಿ 94.4 ಶೇಕಡಾ ತಲುಪಿತು. ಮೇಲಿನ ಸೂತ್ರ ಹಾಕಿ ನೋಡಿ. 18/19 ಅಂದರೆ 94.7. ಕೂದಲೆಳೆಯಲ್ಲಿ ತಪ್ಪಿತು, ಹಾಗಾಗಿ ಈ ಅಂಕಿಯಿಂದ ಖಾತ್ರಿಯಾಗುವುದು 18. ಹತ್ತೊಂಬತ್ತನೆಯದೂ ಅಲ್ಲಿ ಇರಬಹುದು. ಆದರೆ ಸಾಬೀತಾಗದ್ದನ್ನು ಎಣಿಸುವಂತಿಲ್ಲ.

ಈಗ ಗದ್ದಲದ ವಿಷಯ. ಮೂರು ಆಯಾಮದ ಪರಿಪೂರ್ಣ ಜೋಡಿಗೆ ಸ್ವಲ್ಪ ಗದ್ದಲ ಸೇರಿಸಿ. ನೂರರಲ್ಲಿ ಎಂಬತ್ತು ಜೋಡಿ ಒಳ್ಳೆಯವು, ಇಪ್ಪತ್ತು ಪೂರ್ತಿ ಕಸ ಎನ್ನೋಣ. ಕಸವೂ ಮೂರರಲ್ಲಿ ಒಂದು ಸಲ ಅದೃಷ್ಟದಿಂದ ತಾಳೆಯಾಗುತ್ತದೆ. ಪ್ರತಿ ಪ್ರಶ್ನೆಯ ಅಂಕ ಸುಮಾರು 0.867, ಮೊತ್ತ 1.733. ಗಡಿ 1.667. ಪಾಸು, ಮೂರೂ ಆಯಾಮ ಖಾತ್ರಿ. ಒಳ್ಳೆಯವು ಎಪ್ಪತ್ತಕ್ಕೆ ಇಳಿದರೆ ಮೊತ್ತ 1.6. ಎಂಟ್ಯಾಂಗಲ್‌ಮೆಂಟ್ ಇದೆ ಎನ್ನಬಹುದು, ಮೂರು ಆಯಾಮದ್ದು ಎನ್ನುವಂತಿಲ್ಲ.

ಆಯಾಮ ಹೆಚ್ಚಿದರೆ ಗದ್ದಲ ತಡೆಯುವ ಶಕ್ತಿ ಹೆಚ್ಚುತ್ತದೆ ಎಂದೆನಲ್ಲ, ಅದು ಹೀಗೆ. ಇಂಥ ಕಸದ ಜೊತೆ ಬೆರೆತಾಗ ಎರಡು ಆಯಾಮದ ಜೋಡಿಯಲ್ಲಿ ಒಳ್ಳೆಯ ಪಾಲು 1/3ಕ್ಕಿಂತ ಜಾಸ್ತಿ ಇದ್ದರೆ ಎಂಟ್ಯಾಂಗಲ್‌ಮೆಂಟ್ ಉಳಿದಿರುತ್ತದೆ. ಹನ್ನೊಂದು ಆಯಾಮದ್ದಕ್ಕೆ 1/12 ಸಾಕು. ಹತ್ತರಲ್ಲಿ ಒಂಬತ್ತು ಭಾಗ ಕಸ ಇದ್ದರೂ ಹೆಣಿಗೆ ಉಳಿಯುತ್ತದೆ! ಆದರೆ ಉಳಿಯುವುದು ಬೇರೆ, ಅದನ್ನು ತೋರಿಸುವುದು ಬೇರೆ. ಎರಡೇ ಪ್ರಶ್ನೆ ಕೇಳಿ ಮೊತ್ತ ಹಾಕುವ ಪರೀಕ್ಷೆಗೆ ಎಷ್ಟೇ ಆಯಾಮ ಇರಲಿ, ಒಳ್ಳೆಯ ಪಾಲು ಅರ್ಧಕ್ಕಿಂತ ಜಾಸ್ತಿ ಬೇಕು. ಆ 1/12ರ ತನಕ ಇಳಿಯಬೇಕಾದರೆ ಎಲ್ಲ ಎಂಯುಬಿ ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. ಅಳತೆಯಲ್ಲಿ ಉಳಿಸಿದ ಶ್ರಮಕ್ಕೆ ಗದ್ದಲದ ಸಹನೆಯಲ್ಲಿ ಬೆಲೆ ತೆರುತ್ತೇವೆ.

ಎಲ್ಲ ಪ್ರಶ್ನೆ ಅಂದರೆ ಎಷ್ಟು? ಆಯಾಮ ಅವಿಭಾಜ್ಯ ಸಂಖ್ಯೆಯಾದರೆ ಅದಕ್ಕಿಂತ ಒಂದು ಜಾಸ್ತಿ. 11ಕ್ಕೆ 12. ಅವಿಭಾಜ್ಯ ಸಂಖ್ಯೆಯ ಘಾತಗಳಿಗೂ, ಅಂದರೆ 4, 8, 9ಕ್ಕೂ ಹಾಗೇ ಎಂದು 1989ರಲ್ಲಿ ವೂಟರ್ಸ್ ಮತ್ತು ಫೀಲ್ಡ್ಸ್ ತೋರಿಸಿದರು. ಆರು ಆಯಾಮಕ್ಕೆ? ಮೂರು ಸಿಕ್ಕಿವೆ. ನಾಲ್ಕನೆಯದು ಇದೆಯೇ ಇಲ್ಲವೇ ಎಂದು ಇನ್ನೂ ಯಾರೂ ಸಾಬೀತು ಮಾಡಿಲ್ಲ. ಬರೀ ಆರು! ಹತ್ತು ಆಯಾಮಕ್ಕೂ ಇದೇ ತೊಡಕು ಇರುವುದರಿಂದ ಲ್ಯಾಬಿನವರು 11, 19, 97ರಂಥ ಅವಿಭಾಜ್ಯ ಸಂಖ್ಯೆಗಳನ್ನು ಆರಿಸಿಕೊಳ್ಳುವುದನ್ನು ಹೆಚ್ಚಾಗಿ ಕಾಣುತ್ತೇವೆ.

ಈ ಕ್ಷೇತ್ರದ ಲೇಖನ ಓದುವಾಗ ನಾನು ಮೊದಲು ಹುಡುಕುವುದು ಒಂದೇ ಒಂದು ಸಾಲು. ಹಿನ್ನೆಲೆ ಎಣಿಕೆಯನ್ನು ಕಳೆದಿದ್ದಾರೋ ಇಲ್ಲವೋ? ಇದು ಸಣ್ಣ ವಿಷಯ ಅನ್ನಿಸಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಎರಡೂ ಡಿಟೆಕ್ಟರ್‌ಗಳು ಸೆಕೆಂಡಿಗೆ ಲಕ್ಷ ಸಲ ಟಿಕ್ ಅನ್ನುತ್ತಿವೆ. ಎರಡು ನ್ಯಾನೋಸೆಕೆಂಡ್ ಒಳಗೆ ಬಂದವನ್ನು ಜೋಡಿ ಎನ್ನುತ್ತೇವೆ. ಆಗ ಸಂಬಂಧವೇ ಇಲ್ಲದ ಫೋಟಾನ್‌ಗಳು ಕಾಕತಾಳೀಯವಾಗಿ ಒಟ್ಟಿಗೆ ಬಿದ್ದು ಸೆಕೆಂಡಿಗೆ 20 ಸುಳ್ಳು ಜೋಡಿ ಹುಟ್ಟುತ್ತವೆ. 11 ಆಯಾಮದ ಕೋಷ್ಟಕದಲ್ಲಿ ಕರ್ಣದ ಮೇಲಿನ ಪ್ರತಿ ಚೌಕದಲ್ಲಿ 1000 ಎಣಿಕೆ ಇದೆ ಅಂದುಕೊಳ್ಳಿ. ಸುಳ್ಳು ಜೋಡಿಗಳೂ ಅದರಲ್ಲೇ ಸೇರಿವೆ. ಉಳಿದ 110 ಚೌಕಗಳಲ್ಲಿ ತಲಾ 20. ಸಾವಿರದ ಮುಂದೆ ಇಪ್ಪತ್ತು ಏನು ಮಹಾ? ಆದರೆ ಕೂಡಿದರೆ 11,000ಕ್ಕೆ ಎದುರಾಗಿ 2,200. ತಾಳೆಯ ಅಂಕ 0.833. ಎರಡೂ ಪ್ರಶ್ನೆಗೆ ಇದೇ ಬಂದರೆ ಮೊತ್ತ 1.667, ಫಿಡೆಲಿಟಿ ಕನಿಷ್ಠ 0.667. ಖಾತ್ರಿಯಾಗುವುದು 8 ಆಯಾಮ. ಈಗ ಆ ಇಪ್ಪತ್ತನ್ನು ಎಲ್ಲ ಚೌಕಗಳಿಂದ ಕಳೆಯಿರಿ. ಅಂಕ ನೇರವಾಗಿ 1, ಆಯಾಮ 11! ಅದೇ ಲ್ಯಾಬ್, ಅದೇ ಫೋಟಾನ್, ಅದೇ ರಾತ್ರಿ. ಒಂದು ಕಳೆಯುವ ಲೆಕ್ಕದಿಂದ ಮೂರು ಆಯಾಮ ಜಾಸ್ತಿಯಾಯಿತು.

ಸ್ಫಟಿಕ ಎಷ್ಟು ಚೆನ್ನಾಗಿದೆ ಎಂದು ತಿಳಿಯಲು ಹೀಗೆ ಕಳೆಯುವುದರಲ್ಲಿ ತಪ್ಪೇನಿಲ್ಲ, ಬಿಚ್ಚಿ ಹೇಳಿದ್ದರೆ ಸಾಕು. ಆದರೆ ಗುಟ್ಟಿನ ಕೀ, ಅಂದರೆ ಸಂದೇಶಕ್ಕೆ ಬೀಗ ಹಾಕುವ ಗುಪ್ತ ಸಂಖ್ಯೆ, ಕಳಿಸಲು ಈ ಫೋಟಾನ್‌ಗಳನ್ನು ಬಳಸುವಾಗ ಕಳೆಯುವ ಹಕ್ಕು ನಮಗಿಲ್ಲ. ಅಲ್ಲಿ ಪ್ರತಿ ತಪ್ಪು ಎಣಿಕೆಯ ಹಿಂದೆಯೂ ಕದ್ದು ಕೇಳುವವರು ಇರಬಹುದು ಎಂದೇ ನಡೆದುಕೊಳ್ಳಬೇಕು.

ಇನ್ನೊಂದು ಪ್ರಶ್ನೆ ನಂಬಿಕೆಯದು. ಇಷ್ಟು ಹೊತ್ತು ಹೇಳಿದ ಪರೀಕ್ಷೆಯಲ್ಲಿ ಫೋಟಾನ್ ಮೂಲವನ್ನು ನಂಬಲಿಲ್ಲ. ಆದರೆ ಅಳೆಯುವ ಉಪಕರಣವನ್ನು ನಂಬಿದೆವು. ಲೈಟ್ ಮಾಡ್ಯುಲೇಟರ್‌ನ ಚಿತ್ರ ನಾವು ಅಂದುಕೊಂಡ ಪ್ರಶ್ನೆಯನ್ನೇ ಕೇಳುತ್ತಿದೆ, ಒಂದು ಸುತ್ತಿನ ಬೆಳಕು ಇನ್ನೊಂದರ ಲೆಕ್ಕಕ್ಕೆ ಸೋರುತ್ತಿಲ್ಲ ಎಂದು ಒಪ್ಪಿಕೊಂಡೆವು. ಉಪಕರಣವನ್ನೂ ನಂಬದೆ ಪರೀಕ್ಷಿಸಬೇಕಾದರೆ ಬೆಲ್ ಅವರ ದಾರಿಗೇ ಹೋಗಬೇಕು. ಉತ್ತರಗಳು ಮೊದಲೇ ತೀರ್ಮಾನವಾಗಿದ್ದರೆ ದಾಟಲಾಗದ ಗಡಿಗೆ ಬೆಲ್ ಅಸಮಾನತೆ ಎನ್ನುತ್ತಾರೆ. ಹೆಚ್ಚು ಆಯಾಮಗಳಿಗೆ ಹೊಂದುವ ಬೆಲ್ ಅಸಮಾನತೆಯನ್ನು 2002ರಲ್ಲಿ ಕಾಲಿನ್ಸ್, ಗಿಸಿನ್, ಲಿಂಡೆನ್, ಮಸ್ಸಾರ್, ಪೊಪೆಸ್ಕು ಐವರು ಕೊಟ್ಟರು. 2011ರಲ್ಲಿ ಸ್ಕಾಟ್ಲೆಂಡಿನ ತಂಡವೊಂದು ತಿರುಚಿದ ಬೆಳಕಿನಲ್ಲಿ 12 ಆಯಾಮದ ತನಕ ಅದು ಮುರಿಯುವುದನ್ನು ತೋರಿಸಿತು, ಕನಿಷ್ಠ 11 ಆಯಾಮದ ಎಂಟ್ಯಾಂಗಲ್‌ಮೆಂಟ್ ಇದೆ ಎಂದಿತು. ಅಲ್ಲೂ ಒಂದು ಊಹೆ ಉಳಿದಿತ್ತು. ಸಿಕ್ಕ ಫೋಟಾನ್‌ಗಳು ಸಿಗದೆ ಹೋದವುಗಳನ್ನೂ ಸರಿಯಾಗಿ ಪ್ರತಿನಿಧಿಸುತ್ತವೆ ಎನ್ನುವುದು ಆ ಊಹೆ. ಕಳೆದುಹೋಗುವ ಫೋಟಾನ್‌ಗಳೇ ಹೆಚ್ಚು ಇರುವಾಗ ಇದು ಸಣ್ಣ ಊಹೆಯೇನಲ್ಲ. ಯಾವ ಲೋಪಕ್ಕೂ ಜಾಗ ಬಿಡದ ಬೆಲ್ ಪ್ರಯೋಗಗಳು 2015ರಲ್ಲಿ ಡೆಲ್ಫ್ಟ್, ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ನಲ್ಲಿ ನಡೆದವು. ಅವೆಲ್ಲ ಎರಡೇ ಆಯಾಮದವು. ಒಂದು ಕಡೆಯ ಉಪಕರಣವನ್ನು ಮಾತ್ರ ನಂಬುವ ಮಧ್ಯದ ದಾರಿಯೂ ಇದೆ, ಅದಕ್ಕೆ ಸ್ಟೀರಿಂಗ್ ಎನ್ನುತ್ತಾರೆ. ಸದ್ಯ ತುಂಬಾ ಚುರುಕಾಗಿ ಕೆಲಸ ನಡೆಯುತ್ತಿರುವ ಜಾಗ ಅದು.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಮೂರು ಆಯಾಮದ ಫೋಟಾನ್ ಜೋಡಿಗಳ ಮೇಲೆ ಕೆಲಸ ಮಾಡುತ್ತಾ ಬಂದಿದೆ. ಪೂರ್ತಿ ಟೊಮೊಗ್ರಫಿ ಮಾಡದೆ, ಕೆಲವೇ ಪೂರಕ ಅಳತೆಗಳ ಅಂಕಿಅಂಶದಿಂದ ಎಂಟ್ಯಾಂಗಲ್‌ಮೆಂಟ್ ಎಷ್ಟಿದೆ ಎಂದು ಲೆಕ್ಕ ಹಾಕುವ ವಿಧಾನಗಳನ್ನು ಅವರು ಪ್ರಕಟಿಸಿದ್ದಾರೆ. ಇದೇ ಸಂಸ್ಥೆಯಲ್ಲಿ 1956ರಲ್ಲಿ ಯುವಕ ಎಸ್. ಪಂಚರತ್ನಂ, ಪೋಲರೈಸೇಷನ್ ಬದಲಾಗುತ್ತಾ ಒಂದು ಸುತ್ತು ಹಾಕಿ ಬಂದ ಬೆಳಕಿನಲ್ಲಿ ಹೆಚ್ಚುವರಿ ಫೇಸ್ ಸೇರಿಕೊಳ್ಳುತ್ತದೆ ಎಂದು ಕಂಡುಕೊಂಡರು. ಇಂದು ಬೆಳಕನ್ನು ತಿರುಚಲು ಲ್ಯಾಬ್‌ಗಳಲ್ಲಿ ಬಳಸುವ ಕ್ಯೂ-ಪ್ಲೇಟ್ ಎಂಬ ತೆಳು ಫಲಕ ಕೆಲಸ ಮಾಡುವುದು ಈ ಪಂಚರತ್ನಂ ಫೇಸ್‌ನಿಂದಲೇ. ಪಂಚರತ್ನಂ ಅವರು ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲೂ ಪಾಠ ಮಾಡಿದರು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿ ಇಟ್ಟಿದ್ದಾರೆ, ಕ್ವಾಂಟಮ್ ಸಂವಹನ ಅದರ ಒಂದು ಮುಖ್ಯ ಭಾಗ. ಹಾಗಾಗಿ ಇಂಥ ಪರೀಕ್ಷೆಗಳು ನಮ್ಮ ಲ್ಯಾಬ್‌ಗಳಲ್ಲೂ ದಿನನಿತ್ಯದ ಕೆಲಸವಾಗಲಿವೆ.

ಕೀ ಕಳಿಸುವ ವಿಷಯಕ್ಕೆ ಬಂದರೆ, ಅಲ್ಲಿ ಪರೀಕ್ಷೆಯೂ ಬಳಕೆಯೂ ಒಂದೇ ಆಗಿಬಿಡುತ್ತವೆ. ಎರಡು ಕಡೆಯವರೂ ಎರಡು ಎಂಯುಬಿ ಪ್ರಶ್ನೆಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸಿ ಅಳೆಯುತ್ತಾರೆ. ಆಮೇಲೆ ಕೆಲವು ಉತ್ತರಗಳನ್ನು ಬಹಿರಂಗವಾಗಿ ಹೋಲಿಸಿ ತಪ್ಪು ಎಷ್ಟಿದೆ ಎಂದು ನೋಡುತ್ತಾರೆ. ಎರಡು ಆಯಾಮದಲ್ಲಿ ತಪ್ಪು 11 ಶೇಕಡಾ ದಾಟಿದರೆ ಸಾಮಾನ್ಯ ವಿಧಾನದಲ್ಲಿ ಕೀ ಸಿಗುವುದಿಲ್ಲ. ನಾಲ್ಕು ಆಯಾಮದಲ್ಲಿ ಸುಮಾರು 19 ಶೇಕಡಾ ತನಕ ತಡೆದುಕೊಳ್ಳಬಹುದು. ಹೆಚ್ಚಿನ ಆಯಾಮದ ಮೇಲೆ ಇಷ್ಟು ಜನ ಇಷ್ಟು ವರ್ಷ ಹಾಕಿರುವುದಕ್ಕೆ ಈ ಎಂಟು ಶೇಕಡಾ ಒಂದು ದೊಡ್ಡ ಕಾರಣ.

ಎರಡು ಫೋಟಾನ್ ಮುಗಿದ ಮೇಲೆ ಮೂರು ಬರುತ್ತವೆ. 2016ರಲ್ಲಿ ಮೆಹುಲ್ ಮಲಿಕ್ ಮತ್ತು ಜೊತೆಗಾರರು ವಿಯೆನ್ನಾದಲ್ಲಿ ಮೂರು ಫೋಟಾನ್‌ಗಳನ್ನು ಹೆಣೆದರು. ಅದರಲ್ಲಿ ಎರಡು ಫೋಟಾನ್‌ಗಳು ತಲಾ ಮೂರು ಆಯಾಮದಲ್ಲಿದ್ದವು, ಒಂದು ಎರಡೇ ಆಯಾಮದಲ್ಲಿ. 2018ರಲ್ಲಿ ಅದೇ ಊರಿನವರು ಮೂರಕ್ಕೂ ಮೂರು ಆಯಾಮ ಕೊಟ್ಟರು. ಇಲ್ಲಿ ಆಯಾಮವನ್ನು ಒಂದು ಸಂಖ್ಯೆಯಲ್ಲಿ ಹೇಳಲು ಆಗುವುದಿಲ್ಲ. ಪ್ರತಿ ಫೋಟಾನನ್ನೂ ಉಳಿದೆರಡರ ಎದುರು ಇಟ್ಟು ಬೇರೆ ಬೇರೆ ಎಣಿಸಬೇಕು, ಹಾಗಾಗಿ ಉತ್ತರವೇ ಮೂರು ಸಂಖ್ಯೆಗಳ ಪಟ್ಟಿ. ಮೂರು ಡಿಟೆಕ್ಟರ್‌ಗಳೂ ಒಟ್ಟಿಗೆ ಟಿಕ್ ಅನ್ನುವುದು ಬಹಳ ಅಪರೂಪ, ಆದ್ದರಿಂದ ಒಂದೊಂದು ಚೌಕಕ್ಕೂ ಗಂಟೆಗಟ್ಟಲೆ ಕಾಯಬೇಕಾಗಬಹುದು. ಅಲ್ಲಿ ಎಷ್ಟು ಕಡಿಮೆ ಅಳತೆಯಲ್ಲಿ, ಎಷ್ಟು ಕಡಿಮೆ ನಂಬಿಕೆಯಲ್ಲಿ ಪೂರ್ತಿ ಪಟ್ಟಿಯನ್ನು ಖಾತ್ರಿ ಮಾಡಬಹುದು ಎನ್ನುವ ಪ್ರಶ್ನೆಯ ಮೇಲೆ ಕೆಲಸ ಈಗಲೂ ನಡೆಯುತ್ತಿದೆ.